ಹಳೆಯ ಹಾಡು, ಹೊಸ ಕಿವಿ

ಗತಕಾಲದ ಮೇಲಿನ ಮೋಹ ಮನುಷ್ಯನಿಗೆ ಸಹಜವಾದುದು. ಪ್ರತಿಯೊಂದು ತಲೆಮಾರೂ ತನ್ನ ಬಾಲ್ಯದ ಮಾವಿನಹಣ್ಣೇ ಹೆಚ್ಚು ಸಿಹಿಯಾಗಿತ್ತೆಂದು ಹೇಳುತ್ತ ಬಂದಿದೆ. ಆದುದರಿಂದ ವಯಸ್ಸಾದವನೊಬ್ಬನು ಹಳೆಯ ಹಾಡುಗಳನ್ನೂ ಹಳೆಯ ಚಲನಚಿತ್ರಗಳನ್ನೂ ಕುರಿತು ಬರೆಯಲು ಲೇಖನಿ ಹಿಡಿದರೆ ವಾಚಕರು ಮುಗುಳ್ನಗುವುದು ನ್ಯಾಯವೇ ಸರಿ. 1978ರಿಂದ ಮೂವತ್ತೆರಡು ವರ್ಷ ಕಾಲ ಈ ಶಾಲೆಯಲ್ಲಿ ಕನ್ನಡ ಬೋಧಿಸಿ ನಿವೃತ್ತನಾದ ನಾನು ಬರಿಯ ಹೊಗಳಿಕೆಗಾಗಿ ಈ ಲೇಖನವನ್ನು ಬರೆಯುತ್ತಿಲ್ಲ. ಹೇಳಲೇಬೇಕಾದ ಮಾತೊಂದಿದೆ, ಒಪ್ಪಿಕೊಳ್ಳಬೇಕಾದ ತಪ್ಪೊಂದೂ ಇದೆ.

ಕಳೆದ ವಾರ್ಷಿಕೋತ್ಸವದ ಸಂಜೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಕೇವಲ ಹಾರ್ಮೋನಿಯಂ ಜೊತೆಗೂಡಿ, 1960ರ ದಶಕದಲ್ಲಿ ಪಿ.ಬಿ. ಶ್ರೀನಿವಾಸರು ರಾಜಕುಮಾರ್ ಅವರಿಗಾಗಿ ಹಾಡಿದ್ದ ಗೀತೆಯೊಂದನ್ನು ಹಾಡಿದಳು. ಮುಂದಿನ ಸಾಲಿನಲ್ಲಿದ್ದ ನನ್ನಂತಹ ಹಿರಿಯರು ತಲೆದೂಗಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಿಂದಿನ ಸಾಲಿನಲ್ಲಿ, ಅಲ್ಲಿಯವರೆಗೆ ಮೊಬೈಲ್ ಫೋನುಗಳಲ್ಲಿ ಮುಳುಗಿದ್ದ ಹುಡುಗರು ಒಮ್ಮೆಲೇ ಮೌನವಾದರು. ಕೆಲವರ ತುಟಿಗಳು ಹಾಡಿನೊಡನೆ ಚಲಿಸುತ್ತಿದ್ದುವು. ಆ ಗೀತೆ ಹುಟ್ಟಿದಾಗ ಹಾಡಿದ ಬಾಲಕಿಯ ತಾಯಿಯೂ ಹುಟ್ಟಿರಲಿಲ್ಲ. ಅರ್ಧ ಶತಮಾನಕ್ಕೂ ಹಿಂದಿನ ರಚನೆಯೊಂದು ಈ ಎಳೆಯ ಕಿವಿಗಳನ್ನು ಹೇಗೆ ಗೆದ್ದಿತು? ಈ ಪ್ರಶ್ನೆಯೇ ನನ್ನನ್ನು ಆಲೋಚನೆಗೆ ಹಚ್ಚಿತು.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುವುದುಂಟು. ಮೊದಲನೆಯದು ನೆನಪಿನ ಉತ್ತರ. ಹದಿಹರೆಯದಲ್ಲಿಯೂ ಅದರ ಮುಂದಿನ ಕೆಲವು ವರ್ಷಗಳಲ್ಲಿಯೂ ಕೇಳಿದ ಹಾಡು, ಕಂಡ ನೋಟ ಉಳಿದ ವಯಸ್ಸಿನವುಗಳಿಗಿಂತ ಗಾಢವಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಇದು ನಿಜವಾದರೂ ಮುಂದಿನ ಸಾಲಿಗೆ ಮಾತ್ರ ಒಪ್ಪುವ ಉತ್ತರ. ಹಿಂದಿನ ಸಾಲಿನ ಹುಡುಗರಿಗೆ ಆ ಕಾಲದ ನೆನಪೆಲ್ಲಿಯದು? ಎರಡನೆಯದು, ಆ ಕಾಲವೇ ಶುದ್ಧವಾಗಿತ್ತು, ಈಗ ಎಲ್ಲವೂ ಕೆಟ್ಟಿತು ಎಂಬ ಉತ್ತರ. ಸಭೆಗಳಲ್ಲಿ ಇದಕ್ಕೆ ಚಪ್ಪಾಳೆ ಸುಲಭವಾಗಿ ದೊರೆಯುತ್ತದೆ. ಆದರೆ ಇದು ಸತ್ಯವಲ್ಲವೆಂಬುದಕ್ಕೆ ನನ್ನ ಬಾಲ್ಯವೇ ಸಾಕ್ಷಿ.

ನಾನು ದೊಡ್ಡಬಳ್ಳಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಬೆಳೆದವನು. ನಮ್ಮ ಹೋಬಳಿಯ ಸಂತೆ ಮೈದಾನದಲ್ಲಿ ವರ್ಷಕ್ಕೆ ಕೆಲವು ತಿಂಗಳು ಟೂರಿಂಗ್ ಟಾಕೀಸಿನ ಡೇರೆ ಬೀಡುಬಿಡುತ್ತಿತ್ತು. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಘಂಟಸಾಲರ ಕಂಠದ ವೆಂಕಟೇಶ ಸ್ತುತಿ ಹೊರಡುವುದು. ಅದು ತೆಲುಗಿನ ಹಾಡು. ಆದರೂ ಹಳೆಯ ಮೈಸೂರಿನ ಎಷ್ಟೋ ಊರುಗಳಲ್ಲಿ ಅದೇ ಟಿಕೇಟು ಕೊಡಲಾರಂಭಿಸಿದ ಸೂಚನೆ. ಹೊಲದಲ್ಲಿದ್ದವರು ಅದನ್ನು ಕೇಳಿ ಕೆಲಸ ಮುಗಿಸುತ್ತಿದ್ದರು. ನೆಲದ ಮರಳಿನ ಮೇಲೆ ಕುಳಿತವರು, ಬೆಂಚಿನವರು, ಕುರ್ಚಿಯವರು ಎಲ್ಲರೂ ಒಂದೇ ಪರದೆಯನ್ನು ನೋಡುತ್ತಿದ್ದರು. ರೀಲು ಬದಲಾಯಿಸುವಾಗ ದೀಪ ಹತ್ತಿದರೆ, ಅಲ್ಲಿಯವರೆಗಿನ ಕಥೆಯ ಚರ್ಚೆ ಡೇರೆಯ ತುಂಬ ನಡೆಯುತ್ತಿತ್ತು.

ಆ ಡೇರೆಗೆ ಹೋಗುವುದು ಆಗ ಸಭ್ಯರ ಲಕ್ಷಣವಾಗಿರಲಿಲ್ಲ. ಸಿನಿಮಾ ನೋಡಿದ ಹುಡುಗ ಕೆಟ್ಟನೆಂದೇ ಹಿರಿಯರು ನಂಬಿದ್ದರು. ಗುಡಾರದ ಅಂಚು ಎತ್ತಿ ನುಸುಳಿ, ಮರುದಿನ ಮನೆಯಲ್ಲಿಯೂ ಶಾಲೆಯಲ್ಲಿಯೂ ಏಟು ತಿಂದವರಲ್ಲಿ ನಾನೂ ಒಬ್ಬ. ಇಂದು ನಾವು ಶುದ್ಧವೆಂದು ಕೊಂಡಾಡುವ ಚಿತ್ರಗಳನ್ನೇ ಅಂದಿನ ಹಿರಿಯರು ಅಶುದ್ಧವೆಂದು ದೂರುತ್ತಿದ್ದರು. ಅವರಿಗೆ ಶುದ್ಧವಾಗಿ ಕಂಡುದು ಕಂಪನಿ ನಾಟಕ. ಆದರೆ ಆ ನಾಟಕದವರಿಗೂ ಅದಕ್ಕೂ ಹಿಂದಿನ ಕಾಲದಲ್ಲಿ ಮನೆ ಬಾಡಿಗೆಗೆ ಸಿಕ್ಕುವುದೇ ಕಷ್ಟವಾಗಿತ್ತೆಂದು ನಮ್ಮ ಊರಿನ ಮುದುಕರು ಹೇಳುತ್ತಿದ್ದರು.

ಈ ನಿಷೇಧವು ನಮ್ಮ ಮನೆಯಲ್ಲಿ ಒಮ್ಮೆ ಮಾತ್ರ ಸಡಿಲವಾಯಿತು. 1962ರಲ್ಲಿರಬೇಕು, ಡೇರೆಗೆ ‘ಜಗಜ್ಯೋತಿ ಬಸವೇಶ್ವರ’ ಬಂದಿತು. ಟಿ.ವಿ. ಸಿಂಗ್ ಠಾಕೂರರ ನಿರ್ದೇಶನದ ಈ ಚಿತ್ರ 1959ರಲ್ಲಿಯೇ ತೆರೆಕಂಡಿದ್ದಿತು. ನಮ್ಮ ಹಳ್ಳಿಗಳಿಗೆ ಚಿತ್ರಗಳು ತಲಪುವುದಕ್ಕೆ ಅಷ್ಟು ಕಾಲ ಹಿಡಿಯುತ್ತಿತ್ತು. ಬಸವಣ್ಣನವರ ಪಾತ್ರದಲ್ಲಿ ಹೊನ್ನಪ್ಪ ಭಾಗವತರು, ಬಿಜ್ಜಳನ ಪಾತ್ರದಲ್ಲಿ ರಾಜಕುಮಾರ್. ಜನ್ಮದಲ್ಲಿ ಸಿನಿಮಾ ನೋಡದಿದ್ದ ನನ್ನ ಅಜ್ಜಿ ಮಡಿ ಸೀರೆಯುಟ್ಟು ಹೊರಟರು. ಚಪ್ಪಲಿಯನ್ನು ಡೇರೆಯ ಹೊರಗೇ ಬಿಟ್ಟರು. ಭಾಗವತರು ಪರದೆಯ ಮೇಲೆ ಕಾಣಿಸಿಕೊಂಡು ಹಾಡತೊಡಗಿದಾಗ ಕೈಮುಗಿದರು. ಹಿಂದಿರುಗುವ ದಾರಿಯಲ್ಲಿ ಯಾರೋ ಅವರಿಗೆ ಹೇಳಿದ್ದ ಸುದ್ದಿಯನ್ನು ನನಗೆ ಹೇಳಿದರು: “ಅವರು ನಮ್ಮ ನೆಲಮಂಗಲದ ಕಡೆಯವರಂತೆ ಕಣಪ್ಪ. ನಮ್ಮೋರೇ!”

ಸುದ್ದಿ ನಿಜವೇ ಆಗಿದ್ದಿತು. ಹೊನ್ನಪ್ಪ ಭಾಗವತರು (1915-1992) ನೆಲಮಂಗಲ ತಾಲೂಕಿನ ಚೌಡಸಂದ್ರದವರು. ರಂಗಭೂಮಿಯಲ್ಲಿ ಹಾಡಿ ಪಳಗಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ನಾಯಕನಟರಾಗಿ ಮೆರೆದವರು. ತಮ್ಮ ಪಾತ್ರಗಳ ಹಾಡುಗಳನ್ನು ತಾವೇ ಹಾಡುತ್ತಿದ್ದವರು. 1955ರ ‘ಮಹಾಕವಿ ಕಾಳಿದಾಸ’ವನ್ನು ನಿರ್ಮಿಸಿ, ಬಿ. ಸರೋಜಾದೇವಿಯವರನ್ನು ಚಿತ್ರರಂಗಕ್ಕೆ ಪರಿಚಯಿಸಿದವರೂ ಅವರೇ. ಇಂತಹವರು ನಮ್ಮ ನೆರೆಯ ಹಳ್ಳಿಯಲ್ಲಿ ಹುಟ್ಟಿದರೆಂಬುದನ್ನು ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು? ಈ ಪ್ರಶ್ನೆಗೆ ಮುಂದೆ ಮರಳುತ್ತೇನೆ.

ಹಾಗಾದರೆ ಹಳೆಯ ಹಾಡಿನ ಆಕರ್ಷಣೆಗೆ ಕಾರಣವೇನು? ನನ್ನ ಮಟ್ಟಿಗೆ ಹೇಳುವುದಾದರೆ, ಅದು ಇಕ್ಕಟ್ಟಿನಲ್ಲಿ ಹುಟ್ಟಿದ ಕಲೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕಷ್ಟೇ ಎಡೆಯಿದ್ದಿತು. ಗಂಟೆಗಟ್ಟಲೆ ರಾಗ ಬೆಳೆಸಬಲ್ಲ ವಿದ್ವಾಂಸರೂ ಆ ಮೂರು ನಿಮಿಷಗಳಲ್ಲಿ ರಾಗದ ಮುಖವನ್ನು ತೋರಿಸಿಬಿಡಬೇಕಾಗಿತ್ತು. ಚಲನಚಿತ್ರ ಗೀತೆಗಳ ಮುದ್ರಣವೂ ಹಾಗೆಯೇ. ಆ ದಿನಗಳಲ್ಲಿ ನಮ್ಮ ಬಹುಪಾಲು ಗೀತೆಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಿತವಾಗುತ್ತಿದ್ದುವು. ಗಾಯಕರು, ಪಿಟೀಲಿನವರು, ತಬಲದವರು, ಕೊಳಲಿನವರು ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ವೇಳೆಯಲ್ಲಿ ನುಡಿಸಬೇಕು. ಒಬ್ಬನು ತಪ್ಪಿದರೆ ಮೊದಲಿನಿಂದ ಆರಂಭ. ಈಗಿನಂತೆ ಒಂದೊಂದು ಸಾಲನ್ನು ಬೇರೆಬೇರೆಯಾಗಿ ಹಾಡಿಸಿ ಯಂತ್ರದಲ್ಲಿ ಶ್ರುತಿ ತಿದ್ದುವ ಅನುಕೂಲ ಅಂದಿರಲಿಲ್ಲ. ಆದುದರಿಂದ ಹಾಡುವುದಕ್ಕೆ ಮುನ್ನ ಅಭ್ಯಾಸ ದೀರ್ಘವಾಗಿರುತ್ತಿತ್ತು. ಹಾಡುವಾಗ ಪ್ರತಿಯೊಬ್ಬನ ಕಿವಿಯೂ ಮತ್ತೊಬ್ಬನ ಕಡೆಗೆ ತೆರೆದಿರುತ್ತಿತ್ತು. ಆ ಪರಸ್ಪರ ಶ್ರವಣವೇ ಹಾಡಿನಲ್ಲಿ ಉಳಿದು ಇಂದಿಗೂ ನಮ್ಮನ್ನು ಮುಟ್ಟುತ್ತಿದೆಯೆಂದು ನನಗೆ ತೋರುತ್ತದೆ.

ಮಾತಿನ ವಿಷಯದಲ್ಲಿಯೂ ಇದೇ ಕಟ್ಟುನಿಟ್ಟು ಇದ್ದಿತು. ಕು.ರ. ಸೀ., ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಮೊದಲಾದವರು ಅನಕ್ಷರಸ್ಥನಿಗೂ ಒಂದೇ ಬಾರಿ ಕೇಳಿದರೆ ಅರ್ಥವಾಗುವಂತೆ ಬರೆಯಬೇಕಾಗಿತ್ತು. ಡೇರೆಯ ಕೇಳುಗನಿಗೆ ಹಾಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುವ ಉಪಾಯವಿರಲಿಲ್ಲ. ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದಿನ ನಡುವೆಯೂ ಗೋಡೆಯ ಮೊಳೆಗೆ ತೂಗುಹಾಕಿದ ಟ್ರಾನ್ಸಿಸ್ಟರ್ ಹಾಡುತ್ತಿದ್ದುದನ್ನು ನಾನು ಬಲ್ಲೆ. ಆ ಗದ್ದಲವನ್ನು ದಾಟಿ ಮಗ್ಗದವನ ಕಿವಿ ಸೇರಬೇಕಾದರೆ ಉಚ್ಚಾರಣೆ ಎಷ್ಟು ಸ್ಪಷ್ಟವಾಗಿರಬೇಕು!

ಈ ಮಾತು ಸಂಗೀತಕ್ಕೆ ಮಾತ್ರ ಸಲ್ಲುವುದಲ್ಲವೆಂಬುದನ್ನು ನನಗೆ ಕಲಿಸಿದವನು ನನ್ನ ಶಿಷ್ಯನೇ. 1996ರ ಸುಮಾರಿಗೆ ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ದೂರದರ್ಶನ ಪೆಟ್ಟಿಗೆಗೆ ಜೋಡಿಸುವ ವಿಡಿಯೋ ಆಟಗಳನ್ನು ತಂದಿಟ್ಟು, ಅರ್ಧ ಗಂಟೆಗಿಷ್ಟೆಂದು ಹಣ ಪಡೆದು ಆಡಿಸುತ್ತಿದ್ದರು. ಎಂಟನೆಯ ತರಗತಿಯ ಹುಡುಗರು ಮಧ್ಯಾಹ್ನದ ತರಗತಿಗಳಿಂದ ಮಾಯವಾಗತೊಡಗಿದರು. ನಾನು ಅಂಗಡಿಗೇ ಹೋಗಿ ಕಿವಿ ಹಿಡಿದು ಎಳೆತಂದೆ. ಒಬ್ಬನಿಗೆ ಬೆತ್ತದ ಏಟನ್ನೂ ಕೊಟ್ಟೆ. ಆ ಹುಡುಗ ಈಗ ಬೆಂಗಳೂರಿನಲ್ಲಿ ತಂತ್ರಾಂಶ ರಚಿಸುವ ಉದ್ಯೋಗಿ. ಎರಡು ವರ್ಷಗಳ ಹಿಂದೆ ಮಗನೊಡನೆ ನಮ್ಮ ಮನೆಗೆ ಬಂದಿದ್ದ. “ಸಾರ್, ಆ ಏಟು ಇನ್ನೂ ನೆನಪಿದೆ. ಆದರೆ ಆ ಆಟವನ್ನು ನೀವು ಒಂದು ಸಲವಾದರೂ ನೋಡಬೇಕಿತ್ತು” ಎಂದು ನಗುತ್ತ ಹೇಳಿ, ಮಗನು ಆಡುತ್ತಿದ್ದ ಅದೇ ಹಳೆಯ ಆಟವನ್ನು ನನಗೆ ತೋರಿಸಿದ.

ಅದು 1985ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಸೂಪರ್ ಮಾರಿಯೋ’ ಆಟ. ಆ ಇಡೀ ಆಟಕ್ಕೆ ದೊರೆತಿದ್ದ ಸ್ಥಳ 40 ಕಿಲೋಬೈಟ್ ಮಾತ್ರವಂತೆ. ಇಂದು ಫೋನಿನಲ್ಲಿ ತೆಗೆಯುವ ಒಂದೇ ಒಂದು ಭಾವಚಿತ್ರಕ್ಕೆ ಅದರ ಹಲವು ಹತ್ತು ಪಟ್ಟು ಸ್ಥಳ ಬೇಕು. ಸ್ಥಳ ಸಾಲದೆ, ಅದನ್ನು ರಚಿಸಿದವರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಳಸಿದರು. ಬಣ್ಣ ಮಾತ್ರ ಬೇರೆ. ನಾನು ಆಡಿದವರನ್ನು ಹೊಡೆದೆನೇ ಹೊರತು, ಆ ಮೋಡವನ್ನೂ ಪೊದೆಯನ್ನೂ ನೋಡಿರಲಿಲ್ಲ. ಅದಕ್ಕೂ ಮುಂಚೆ, 1984ರಲ್ಲಿ, ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಎಂಬವರು ಬೀಳುವ ತುಂಡುಗಳನ್ನು ಇಟ್ಟಿಗೆಯಂತೆ ಜೋಡಿಸುವ ‘ಟೆಟ್ರಿಸ್’ ಆಟವನ್ನು ರಚಿಸಿದ್ದರು. ಅದರ ಅಗ್ಗದ ಅನುಕರಣೆಗಳು ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳಾಗಿ ನಮ್ಮ ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ಅಂಗಡಿಗಳಲ್ಲಿಯೂ ಮಾರಾಟವಾದುದನ್ನು ಹಳೆಯ ವಿದ್ಯಾರ್ಥಿಗಳು ನೆನೆದಾರು. ನಿಯಮ ಎರಡೇ ಮಾತಿನಲ್ಲಿ ತಿಳಿಯುತ್ತದೆ. ಆಡಿದಷ್ಟೂ ಆಟ ಮುಗಿಯುವುದಿಲ್ಲ. ನಮ್ಮ ದೇವಾಲಯಗಳ ಜಗಲಿಯ ಕಲ್ಲುಗಳ ಮೇಲೆ ಹಿಂದಿನವರು ಕೊರೆದಿಟ್ಟ ಹುಲಿ-ಕುರಿ ಆಟದ ಗೆರೆಗಳು ಇದನ್ನೇ ಹೇಳುವುದಿಲ್ಲವೇ? ಕೆಲವು ಗೆರೆ, ಹಿಡಿಯಷ್ಟು ಹರಳು, ಇಬ್ಬರು ಎದುರಾಳಿಗಳು ಇಷ್ಟೇ ಅದಕ್ಕೆ ಸಾಕಾಗಿತ್ತು. ಸಲಕರಣೆ ಕಡಿಮೆಯಾದಷ್ಟೂ ಬುದ್ಧಿಗೆ ಕೆಲಸ ಹೆಚ್ಚು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಳೆಯದೆಲ್ಲವೂ ಚೆನ್ನಾಗಿರಲಿಲ್ಲ. ಉತ್ತಮವಾದ ಒಂದು ಹಾಡಿನ ಜೊತೆಯಲ್ಲಿ ಹತ್ತು ಸಪ್ಪೆ ಹಾಡುಗಳೂ ಹುಟ್ಟಿದ್ದುವು. ಜನ ಅವುಗಳನ್ನು ಮರೆತರು. ಉಳಿದವುಗಳನ್ನಷ್ಟೇ ಇಂದಿನ ಎಲ್ಲದರೊಡನೆ ಹೋಲಿಸಿ ಇಂದಿನದನ್ನು ಹಳಿಯುವುದು ಅನ್ಯಾಯದ ತಕ್ಕಡಿ. ಎಷ್ಟೋ ಹಳೆಯ ಚಿತ್ರಗಳಲ್ಲಿ ಹೆಣ್ಣಿನ ಸಹನೆಯನ್ನೇ ಅವಳ ಏಕೈಕ ಗುಣವೆಂಬಂತೆ ಚಿತ್ರಿಸಲಾಗಿದೆ. ಅಂಗವೈಕಲ್ಯವನ್ನೂ ಬಡತನವನ್ನೂ ನಗೆಗೆ ಬಳಸಲಾಗಿದೆ. ತರಗತಿಯಲ್ಲಿ ಹಳೆಯ ಚಿತ್ರವನ್ನು ತೋರಿಸುವ ಅಧ್ಯಾಪಕರು ಇವುಗಳನ್ನು ಮರೆಮಾಚದೆ ಮಕ್ಕಳೊಡನೆ ಚರ್ಚಿಸಬೇಕು. ವಿವೇಚನೆಯಿಲ್ಲದ ಆರಾಧನೆ ಶಿಕ್ಷಣವಾಗಲಾರದು. ಅಂತೆಯೇ, ಇಂದು ನಮ್ಮ ಮಕ್ಕಳು ಕೇಳುತ್ತಿರುವುದರಲ್ಲಿಯೂ ಮುಂದಿನ ಅರ್ಧ ಶತಮಾನ ಬಾಳುವ ಹಾಡುಗಳು ಇದ್ದೇ ಇರುತ್ತವೆ. ಅವು ಯಾವುವೆಂದು ನಮಗೆ ತಿಳಿಯದು. ತಿಳಿದಂತೆ ಬೆತ್ತ ಹಿಡಿಯುವುದು ಬೇಡ.

ಕಾಲವೆಂಬುದು ಮೊರವಿದ್ದಂತೆ, ಜಳ್ಳನ್ನು ತೂರಿ ಕಾಳನ್ನು ಉಳಿಸುತ್ತದೆ ಎಂದು ನಾನೂ ಬಹುಕಾಲ ನಂಬಿದ್ದೆ. ತರಗತಿಯಲ್ಲಿ ಹಾಗೆಯೇ ಬೋಧಿಸಿಯೂ ಇದ್ದೆ. ಈ ನಂಬಿಕೆ ತಪ್ಪು. ಕಾಲವು ಕಾಳನ್ನೂ ತೂರಿಬಿಡುತ್ತದೆ. ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ಅದರ ನಿರ್ದೇಶಕರು. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ಪಾತ್ರಧಾರಿಗಳು. ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಪ್ರತಿವರ್ಷವೂ ಆ ದಿನವನ್ನು ನಾವು ಸ್ಮರಿಸುತ್ತೇವೆ. ಆದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ನುಡಿ ಬೆಳ್ಳಿತೆರೆಯ ಮೇಲೆ ಮೊದಲ ಬಾರಿಗೆ ಮಾತನಾಡಿದ ಧ್ವನಿಯನ್ನು ಇನ್ನು ಯಾವ ಕನ್ನಡಿಗನೂ ಕೇಳಲಾರನು.

ಇಂತಹ ನಷ್ಟಕ್ಕೆ ದೈವವೊಂದೇ ಕಾರಣವಲ್ಲ. ಹಳೆಯ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವ ವಸ್ತು. ಅನಂತರ ಬಂದ ಫಿಲ್ಮು ಸೆಖೆಗೂ ತೇವಕ್ಕೂ ಹುಳಿ ವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಇವೆಲ್ಲವೂ ನಿಜ. ಆದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ಅಲ್ಪ ಪ್ರಮಾಣದ ಬೆಳ್ಳಿ ಇರುತ್ತದೆ. ಓಡಿ ಮುಗಿದ ಚಿತ್ರಗಳ ಪ್ರತಿಗಳನ್ನು ಆ ಬೆಳ್ಳಿಯನ್ನು ತೆಗೆಯುವುದಕ್ಕಾಗಿ ಕಿಲೋ ಲೆಕ್ಕದಲ್ಲಿ ಮಾರಿದುದು ದೇಶದಾದ್ಯಂತ ನಡೆದ ಸಂಗತಿ. ಹಳೆಯದೆಲ್ಲ ಹೊನ್ನು ಎಂದು ಹಾಡಿದ ನಾಡು ಆ ಹೊನ್ನನ್ನು ಚೂರು ಬೆಳ್ಳಿಗಾಗಿ ಕರಗಿಸಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪಿತವಾಗುವ ವೇಳೆಗೆ ಬಹಳಷ್ಟು ನಾಶವಾಗಿ ಹೋಗಿದ್ದಿತು. ಅಲ್ಲಿಂದೀಚೆಗೆ ಒಳ್ಳೆಯ ಕೆಲಸವೂ ನಡೆದಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಪರಿಣತರು ಜೀರ್ಣೋದ್ಧಾರ ಮಾಡಿ, 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದುವು. ಅವುಗಳನ್ನು ನೋಡಲು ಮೊಮ್ಮಕ್ಕಳ ಕೈಹಿಡಿದು ಹೋದವರಲ್ಲಿ ನಾನೂ ಇದ್ದೆ. ಬಣ್ಣ ಹಚ್ಚಬೇಕೇ ಬೇಡವೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಮೂಲ ಪ್ರತಿ ಇದ್ದರೆ ತಾನೆ ಆ ವಾದಕ್ಕೂ ಅವಕಾಶ?

ಕೆಲವು ಚಿತ್ರಗಳು ಉಳಿದು ಕೆಲವು ಅಳಿದುದಕ್ಕೆ ಅವುಗಳ ಯೋಗ್ಯತೆ ಮಾತ್ರ ಕಾರಣವಲ್ಲ. ಯಾರೋ ಒಬ್ಬರು ಎತ್ತಿಟ್ಟುದೇ ಕಾರಣ. ಈ ಮಾತನ್ನು ನಮ್ಮ ಸಂಸ್ಥೆಯ ಬಳಗಕ್ಕೆ ವಿವರಿಸಬೇಕಾದ ಅಗತ್ಯವಿಲ್ಲ. ಫ.ಗು. ಹಳಕಟ್ಟಿಯವರು (1880-1964) ಊರೂರು ಅಲೆದು, ಮನೆಗಳ ಮೂಲೆಯಲ್ಲಿ ಹುಳು ತಿನ್ನುತ್ತಿದ್ದ ತಾಳೆಯೋಲೆಗಳನ್ನು ಒಂದೆಡೆ ಸೇರಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ, ಇಂದು ನಮ್ಮ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವ ಎಷ್ಟೋ ವಚನಗಳು ನಮ್ಮ ಕೈಸೇರುತ್ತಿರಲಿಲ್ಲ. ಆ ವಚನಗಳ ಯೋಗ್ಯತೆ ಎಂಟು ಶತಮಾನಗಳಿಂದ ಅಷ್ಟೇ ಇದ್ದಿತು. ಆದರೂ ಅವುಗಳನ್ನು ಹುಡುಕಿಕೊಂಡು ಹೊರಡುವ ಒಬ್ಬ ಮನುಷ್ಯ ಬೇಕಾಯಿತು. ಮಲ್ಲಿಕಾರ್ಜುನ ಮನಸೂರರ ಕಂಠದ ವಚನಗಾಯನವನ್ನು ಅವರು ತೀರಿಕೊಂಡು ಮೂರು ದಶಕಗಳಾದ ಮೇಲೂ ನಾವು ಕೇಳುತ್ತಿರುವುದು ಅದನ್ನು ಮುದ್ರಿಸಿ ಜೋಪಾನಮಾಡಿದವರ ಪುಣ್ಯ.

ಈಗ ನನ್ನ ತಪ್ಪಿಗೆ ಬರುತ್ತೇನೆ. 1987ರ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಅಂದಿನ ಪೂಜ್ಯ ಶ್ರೀಗಳವರು ಸುಮಾರು ಒಂದು ಗಂಟೆ ಮಾತನಾಡಿದ್ದರು. ಶಾಲೆ ಹುಲ್ಲಿನ ಮಾಡಿನ ಕೆಳಗೆ ಆರಂಭವಾದ ದಿನಗಳು, ಮನೆಮನೆಗೆ ಜೋಳಿಗೆ ಹಿಡಿದು ಹೋಗಿ ತಂದ ರಾಗಿ, ಮೊದಲ ವರ್ಷ ಸೇರಿದ ಮಕ್ಕಳು, ಇವೆಲ್ಲವನ್ನೂ ಅವರು ನೆನೆದಿದ್ದರು. ಅದರ ಹಿಂದೆಯೇ ಮಕ್ಕಳ ವಚನಗಾಯನವೂ ನಡೆಯಿತು. ಇವೆಲ್ಲವನ್ನೂ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ ಶಾಲೆಗೆ ಕೊಟ್ಟರು. ಅವುಗಳನ್ನು ಅಧ್ಯಾಪಕರ ಕೊಠಡಿಯ ಬೀರುವಿನಲ್ಲಿ ಇಟ್ಟೆವು. ಆ ಬೀರುವಿನ ಬೀಗದ ಕೈ ನನ್ನ ಬಳಿಯೇ ಇದ್ದಿತು.

ಶ್ರೀಗಳವರು ಲಿಂಗೈಕ್ಯರಾದರು. ಶಾಲೆಗೆ ಹೊಸ ಕಟ್ಟಡ ಬಂದಿತು. ಬೀರು ಮಾಳಿಗೆಯ ಸೋರುವ ಕೋಣೆಗೆ ಸೇರಿತು. ನಾನು ನಿವೃತ್ತನಾಗುವಾಗ ಬೀಗದ ಕೈಯನ್ನು ಒಪ್ಪಿಸಿದೆ. ಅದರೊಳಗೆ ಏನಿದೆಯೆಂದು ಹೇಳಲಿಲ್ಲ. 2018ರಲ್ಲಿ ಶಾಲೆಯ ಇತಿಹಾಸವನ್ನು ಬರೆಯಬೇಕೆಂಬ ಮಾತು ಬಂದಾಗ ನೆನಪಾಗಿ ಓಡಿದೆ. ಕ್ಯಾಸೆಟ್ಟುಗಳು ಸಿಕ್ಕಿದುವು. ಒಳಗಿನ ಟೇಪಿಗೆ ಬೂಷ್ಟು ಹಿಡಿದು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ಬಲ್ಲವರೊಬ್ಬರಿಂದ ಬಿಡಿಸಲು ಪ್ರಯತ್ನಿಸಿದೆವು. ಶ್ರೀಗಳವರ ಒಂದು ಗಂಟೆಯ ಮಾತಿನಲ್ಲಿ ಹನ್ನೊಂದು ನಿಮಿಷ ದಕ್ಕಿತು. ಜೋಳಿಗೆಯ ರಾಗಿಯ ಮಾತು ಆರಂಭವಾಗುವಲ್ಲಿಗೆ ಧ್ವನಿ ನಿಂತುಹೋಗುತ್ತದೆ. ಉಳಿದುದನ್ನು ಕೇಳಿದ್ದ ಹಿರಿಯರಲ್ಲಿ ಹಲವರು ಈಗಿಲ್ಲ. ಇರುವ ನಮ್ಮ ನೆನಪುಗಳು ಒಂದನ್ನೊಂದು ಹೋಲುವುದಿಲ್ಲ. ಆ ಭಾಷಣವನ್ನು ನಾನು ಪ್ರೀತಿಸಿರಲಿಲ್ಲವೇ? ನಿವೃತ್ತನಾಗುವವರೆಗೂ ಅದನ್ನು ನೆನೆದು ತರಗತಿಗಳಲ್ಲಿ ಹೇಳುತ್ತಿದ್ದೆ. ಆದರೆ ವರ್ಷಕ್ಕೊಮ್ಮೆ ಬೀರು ತೆರೆದು ನೋಡಲಿಲ್ಲ.

ಆದುದರಿಂದ ಈ ಸಂಚಿಕೆಯನ್ನು ಓದುವ ಅಧ್ಯಾಪಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ನಮ್ಮ ಶಾಲೆಯಲ್ಲಿ ಒಂದು ಚಿಕ್ಕ ಧ್ವನಿ-ಚಿತ್ರ ಭಂಡಾರವಾಗಬೇಕು. ತೇವವಿಲ್ಲದ ಒಂದು ಕೋಣೆ, ಒಂದು ಗಣಕಯಂತ್ರ, ಸುಸ್ಥಿತಿಯಲ್ಲಿರುವ ಒಂದು ಕ್ಯಾಸೆಟ್ ಯಂತ್ರ, ಒಂದು ದಾಖಲೆ ಪುಸ್ತಕ ಇಷ್ಟರಿಂದ ಆರಂಭಿಸಬಹುದು. ಹೊಸ ಕೊಠಡಿಗೆ ದಾನವಿತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಹಳೆಯ ಧ್ವನಿಯನ್ನು ಉಳಿಸಲು ನೀಡಿದ ದಾನ ಅದಕ್ಕಿಂತ ಕಡಿಮೆಯದಲ್ಲವೆಂದು ದಾನಿಗಳು ದಯವಿಟ್ಟು ಭಾವಿಸಬೇಕು.

ಎರಡನೆಯದಾಗಿ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟಗಳನ್ನು ಒಮ್ಮೆ ಹುಡುಕಬೇಕು. ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದವಿರಬಹುದು. ಊರಿನ ನಾಟಕದ ಛಾಯಾಚಿತ್ರವಿರಬಹುದು. ಶಾಲೆಯ ಸಮಾರಂಭದ ವಿಡಿಯೋ ಇರಬಹುದು. ಮೂಲವನ್ನು ತಾವೇ ಇಟ್ಟುಕೊಂಡು ನಕಲನ್ನು ಶಾಲೆಗೆ ಕೊಡಬಹುದು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮಾತ್ರ ಅಂದೇ ಬರೆದಿಡಬೇಕು. ನಕಲುಗಳು ಎರಡು ಕಡೆ ಇರಲಿ. ಫೋನಿನಲ್ಲಿದೆಯಲ್ಲಾ ಎಂಬ ಭರವಸೆ ನನ್ನ ಬೀರುವಿನ ಭರವಸೆಗಿಂತ ಹೆಚ್ಚಿನದಲ್ಲ.

ಮೂರನೆಯದಾಗಿ, ತಿಂಗಳಿಗೊಮ್ಮೆ ಒಂದು ಗಂಟೆ ‘ಶ್ರವಣ’ಕ್ಕೆ ಮೀಸಲಾಗಲಿ. ಅಂದು ಮಕ್ಕಳೆಲ್ಲರೂ ಒಟ್ಟಿಗೆ ಕುಳಿತು ಒಂದು ಹಳೆಯ ಹಾಡನ್ನೋ ಚಿತ್ರದ ಭಾಗವನ್ನೋ ಕೇಳಿ, ನೋಡಿ, ಮಾತನಾಡಲಿ. ಅವರ ಇಷ್ಟದ ಹೊಸ ಹಾಡೊಂದನ್ನೂ ಅದೇ ಗೌರವದಿಂದ ಅಧ್ಯಾಪಕರು ಕೇಳಲಿ. ಡೇರೆಯಲ್ಲಿ ನಾವು ಪಡೆದ ಸಹಶ್ರವಣದ ಸುಖವನ್ನು, ಒಬ್ಬೊಬ್ಬರೇ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತ ಈ ಮಕ್ಕಳಿಗೆ ಕೊಡಬಲ್ಲ ಸ್ಥಳ ಶಾಲೆಯಲ್ಲದೆ ಬೇರೆ ಯಾವುದಿದೆ?

ಅದರಲ್ಲಿ ಮೊದಲ ಸ್ಥಾನ ನಮ್ಮ ನೆಲದವರಿಗೆ ಸಲ್ಲಲಿ. ಚೌಡಸಂದ್ರದ ಹೊನ್ನಪ್ಪ ಭಾಗವತರ ವಿಷಯ ಹೇಳಿದ್ದೇನೆ. ದೇವನಹಳ್ಳಿಯಲ್ಲಿ ಜನಿಸಿದ ಕವಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ‘ನಿತ್ಯೋತ್ಸವ’ವೆಂಬ ಹೆಸರಿನಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದುವು, ಕನ್ನಡ ಭಾವಗೀತೆಗಳ ಕ್ಯಾಸೆಟ್ಟುಗಳಲ್ಲಿ ಅದೇ ಮೊದಲನೆಯದು. ಇಂದು ದೇವನಹಳ್ಳಿಯೆಂ‌ದರೆ ಮಕ್ಕಳು ವಿಮಾನ ನಿಲ್ದಾಣವನ್ನು ಹೇಳುತ್ತಾರೆ. ಕವಿಯ ಹೆಸರನ್ನೂ ಹೇಳುವಂತಾಗಲಿ. ಹಿರಿಯ ನಟಿ ಲೀಲಾವತಿಯವರು ನೆಲಮಂಗಲ ತಾಲೂಕಿನ ಸೋಲದೇವನಹಳ್ಳಿಯಲ್ಲಿ ನೆಲೆಸಿ, ಬೇಸಾಯ ಮಾಡಿ, ಹಳ್ಳಿಯ ಜನರಿಗಾಗಿ ಆಸ್ಪತ್ರೆ ಕಟ್ಟಿಸಿ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಆಸ್ಪತ್ರೆಯನ್ನು ಬಲ್ಲ ನಮ್ಮ ಮಕ್ಕಳು ‘ಗೆಜ್ಜೆ ಪೂಜೆ’ಯಲ್ಲಿ ಆಕೆಯ ಅಭಿನಯವನ್ನೂ ನೋಡಲಿ.

ಹಳೆಯ ಹಾಡು ತಾನಾಗಿ ಅಮರವಲ್ಲ. ಪ್ರತಿಯೊಂದು ತಲೆಮಾರಿನಲ್ಲಿಯೂ ಅದನ್ನು ಕೇಳುವ ಒಂದು ಹೊಸ ಕಿವಿಯೂ ಎತ್ತಿಡುವ ಒಂದು ಕೈಯೂ ಅದಕ್ಕೆ ಬೇಕು. ಕಿವಿಗಳು ಇವೆಯೆಂಬುದನ್ನು ಆ ಒಂಬತ್ತನೆಯ ತರಗತಿಯ ಬಾಲಕಿ ನಮಗೆ ತೋರಿಸಿಕೊಟ್ಟಿದ್ದಾಳೆ. ಅವಳು ಅಂದು ಹಾಡಿದುದನ್ನು ಯಾರಾದರೂ ಧ್ವನಿಮುದ್ರಿಸಿ, ಅವಳ ಹೆಸರನ್ನೂ ದಿನಾಂಕವನ್ನೂ ಬರೆದು ಎತ್ತಿಟ್ಟಿರುವರೇ ಎಂದು ಮರುದಿನ ಶಾಲೆಯಲ್ಲಿ ವಿಚಾರಿಸಿದೆ. ಇಟ್ಟಿರಲಿಲ್ಲ. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಕೆಲಸವನ್ನು ನಾನೇ ವಹಿಸಿಕೊಳ್ಳುವುದಾಗಿ ಮುಖ್ಯೋಪಾಧ್ಯಾಯರಿಗೆ ಹೇಳಿ ಬಂದಿದ್ದೇನೆ. ಈ ಕಾರ್ಯದಲ್ಲಿ ಸಹೃದಯರಾದ ತಾವೆಲ್ಲರೂ ಕೈಜೋಡಿಸುವಿರೆಂದು ನಂಬಿದ್ದೇನೆ.